ಈದ ಎಮ್ಮೆಯ ಮರುಗಬ್ಬ



ನಮ್ಮ ಭಾಷೆಯಲ್ಲಿ ಎಮ್ಮೆಯ ಹೆಸರು ಬರುವ ಮಾತುಗಳನ್ನೆಲ್ಲ ಒಂದು ಕಡೆ ಸೇರಿಸಿ ನೋಡಿದರೆ, ಆ ಪ್ರಾಣಿಯ ವಿಷಯದಲ್ಲಿ ನಮಗಿರುವ ಕೃತಜ್ಞತೆ ಎಷ್ಟೆಂಬುದು ತಿಳಿದುಬರುವುದು. ಬುದ್ಧಿವಾದ ಕಿವಿಗೆ ಹೋಗದವನನ್ನು ಕುರಿತು ಎಮ್ಮೆಯ ಮೇಲೆ ಮಳೆ ಸುರಿದಂತೆ ಎನ್ನುವೆವು. ರಸಿಕತೆಯಿಲ್ಲದವನ ಮುಂದೆ ಹಾಡುವುದನ್ನು ಕೋಣನ ಮುಂದೆ ಕಿನ್ನರಿ ಬಾರಿಸುವುದಕ್ಕೆ ಹೋಲಿಸುವೆವು. ಹಸುವಿಗೆ ಪೂಜೆಯುಂಟು, ಎತ್ತಿಗೆ ಸಂಕ್ರಾಂತಿಯ ಸಿಂಗಾರವುಂಟು. ಕೋಣನನ್ನು ಮಾತ್ರ ಯಮಧರ್ಮರಾಯನಿಗೆ ವಾಹನವಾಗಿ ಕೊಟ್ಟು ಕೈ ತೊಳೆದುಕೊಂಡಿದ್ದೇವೆ. ಹೀಗಿದ್ದರೂ ಬೆಳಗಿನ ಕಾಫಿಗೆ ಬೇಕಾದ ಗಟ್ಟಿ ಹಾಲು, ಮಧ್ಯಾಹ್ನದ ಊಟಕ್ಕೆ ಚಾಕುವಿನಲ್ಲಿ ಕೊಯ್ಯಬಹುದಾದ ಮೊಸರು, ಹೆಸರಾದ ಧಾರವಾಡದ ಪೇಡೆ, ಇವೆಲ್ಲ ಬಹುಮಟ್ಟಿಗೆ ಎಮ್ಮೆಯ ಅನುಗ್ರಹ.

2019ರ ಜಾನುವಾರು ಗಣತಿಯಂತೆ ಭಾರತದಲ್ಲಿರುವ ಎಮ್ಮೆ ಕೋಣಗಳ ಸಂಖ್ಯೆ ಸುಮಾರು 11 ಕೋಟಿ. ಪ್ರಪಂಚದಲ್ಲಿರುವ ಎಮ್ಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದವೇ. ಇಷ್ಟು ಎಮ್ಮೆಗಳ ಹಾಲು ನಮಗೆ ದೊರೆಯುತ್ತಿರುವುದು ಒಂದು ಸಣ್ಣ ನಿಯಮದ ಮೇಲೆ ನಿಂತಿದೆ: ಎಮ್ಮೆ ಕರೆಯಬೇಕಾದರೆ ಈಯಬೇಕು, ಈಯಬೇಕಾದರೆ ಗಬ್ಬವಾಗಬೇಕು. ಪಟ್ಟಣದಲ್ಲಿರುವ ನಮಗೆ ಹಾಲು ಕೊಳಾಯಿಯ ನೀರಿನಂತೆ ವರ್ಷವೆಲ್ಲ ಬರುವುದರಿಂದ ಈ ನಿಯಮ ಮರೆತೇ ಹೋಗಿದೆ. ಆದುದರಿಂದ ಒಂದು ಸಲ ಈದ ಎಮ್ಮೆ ಮತ್ತೆ ಗಬ್ಬವಾಗುವುದಕ್ಕೆ ಯಾವ ಯಾವ ಸಂಗತಿಗಳು ಸಹಾಯಕವಾಗುತ್ತವೆ, ಯಾವುವು ಅಡ್ಡಿಯಾಗುತ್ತವೆ ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ. ವಿಷಯ ಕೊಟ್ಟಿಗೆಯದಾದರೂ ತಾವು ಮುಖ ಸಿಂಡರಿಸಲಾರಿರಿ ಎಂದು ನಂಬಿದ್ದೇನೆ.

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗವನ್ನು ಹೇಳುವೆನು. ಚಿಕ್ಕಂದಿನಲ್ಲಿ ನಾನು ರಜ ಬಂದಾಗಲೆಲ್ಲ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ಹೋಗುತ್ತಿದ್ದೆ. ಅಲ್ಲಿ ಕೆಂಪಿ ಎಂಬ ಒಂದು ಎಮ್ಮೆಯಿತ್ತು. ಮೂರು ಸಲ ಈದು ಮನೆಯ ಹಾಲು ಮೊಸರಿಗೆ ಕೊರತೆಯಿಲ್ಲದಂತೆ ನೋಡಿಕೊಂಡಿತ್ತು. ಮೂರನೆಯ ಕರುವಾದ ಮೇಲೆ ಒಂದು ವರ್ಷ ಕಳೆದರೂ ಅದು ಬೆದೆಗೆ ಬಂದುದನ್ನು ಯಾರೂ ಕಾಣಲಿಲ್ಲ. ಹಾಲೂ ಬತ್ತಿತು. "ಎಮ್ಮೆ ಗೊಡ್ಡು ಬಿದ್ದಿದೆ, ಸುಮ್ಮನೆ ಹುಲ್ಲು ದಂಡ" ಎಂದು ನಮ್ಮ ದೊಡ್ಡಪ್ಪ ಅದನ್ನು ಸಂತೆಗೆ ಹೊಡೆಯಲು ನಿಶ್ಚಯಿಸಿದರು. ಅಜ್ಜಿ ಮಾತ್ರ, "ಗೊಡ್ಡು ಗೊಡ್ಡು ಅಂತೀಯಲ್ಲ ಮಗ, ಇರುಳು ಎದ್ದು ಅದನ್ನ ನೋಡಿದೋರು ಯಾರು?" ಎಂದಳು. ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ಕೆಂಪಿ ಅತ್ಯಲ್ಪ ಬೆಲೆಗೆ ಮಾರಿಹೋಯಿತು. ನಾಲ್ಕು ತಿಂಗಳು ಕಳೆದ ಮೇಲೆ ಪಕ್ಕದ ತಾಲ್ಲೂಕಿನಿಂದ ಬಂದ ನೆಂಟರೊಬ್ಬರು, ಅದು ಅಲ್ಲಿನ ಒಬ್ಬ ರೈತನ ಮನೆಯಲ್ಲಿ ಹೆಣ್ಣುಗರುವನ್ನು ಈದಿದೆ ಎಂಬ ವರ್ತಮಾನವನ್ನು ತಂದರು. ಲೆಕ್ಕ ಹಾಕಿ ನೋಡಿದರೆ, ಸಂತೆಗೆ ಹೊರಟ ದಿನ ಅದು ಆರು ತಿಂಗಳ ಗಬ್ಬದ ಎಮ್ಮೆ. ಕೆರೆಯ ಅಂಗಳದಲ್ಲಿ ಮೇಯುತ್ತಿದ್ದಾಗ ಎಂದೋ ಊರ ಕೋಣ ಅದನ್ನು ಕೂಡಿತ್ತು. ಆ ದಿನ ಅಜ್ಜಿ ಊಟ ಮಾಡಲಿಲ್ಲ. ಕೊಂಡವನು ರೈತನಾದದ್ದು ಕೆಂಪಿಯ ಪುಣ್ಯ. ಕಟುಕನಾಗಿದ್ದರೆ ಒಂದಕ್ಕೆ ಎರಡು ಜೀವ ಹೋಗುತ್ತಿತ್ತು.

ಪ್ರಾಣಿಶಾಸ್ತ್ರವನ್ನು ಪಾಠ ಹೇಳುವ ವೃತ್ತಿಗೆ ಬಂದ ಮೇಲೆ ಅಜ್ಜಿಯ ಪ್ರಶ್ನೆ ಎಷ್ಟು ಶಾಸ್ತ್ರೀಯವಾದುದೆಂಬುದು ನನಗೆ ಅರಿವಾಯಿತು. ಗೊಡ್ಡೆಂದು ಹೆಸರು ಹೊತ್ತ ಎಮ್ಮೆಗಳಲ್ಲಿ ನಿಜವಾಗಿ ಗೊಡ್ಡಾದವು ಕೆಲವು ಮಾತ್ರ. ಮಿಕ್ಕವುಗಳಲ್ಲಿ ಕೆಲವಕ್ಕೆ ಹೊಟ್ಟೆಗೆ ಸಾಲದು, ಕೆಲವಕ್ಕೆ ಬಿಸಿಲ ಬೇಗೆ, ಕೆಲವಕ್ಕೆ ಗರ್ಭಕೋಶದ ಬೇನೆ. ಇನ್ನುಳಿದವು ತಪ್ಪದೆ ಬೆದೆಗೆ ಬರುತ್ತಲೇ ಇರುತ್ತವೆ. ನಾವು ಕಾಣುವುದಿಲ್ಲ, ಅಷ್ಟೆ.

ಸ್ವಲ್ಪ ಲೆಕ್ಕಾಚಾರವನ್ನು ನೋಡೋಣ. ಹಸು ಗರ್ಭ ಧರಿಸಿರುವುದು ಸುಮಾರು 280 ದಿನ. ಎಮ್ಮೆ ಸುಮಾರು 310 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ ಮೇಲೆ ಹಸುವಿಗೆ ಎಂಬತ್ತೈದು ದಿನಗಳ ಬಿಡುವುಂಟು. ಎಮ್ಮೆಗೆ ಉಳಿಯುವುದು ಐವತ್ತೈದೇ ದಿನ. ಈದ ಎಮ್ಮೆಯ ಗರ್ಭಕೋಶ ಕುಗ್ಗಿ ಮೊದಲಿನ ಅಳತೆಗೆ ಬರುವುದಕ್ಕೇ ಸುಮಾರು ಮೂವತ್ತರಿಂದ ನಾಲ್ವತ್ತೈದು ದಿನ ಬೇಕು. ಆದುದರಿಂದ ವರ್ಷಕ್ಕೊಂದು ಕರುವನ್ನು ಎಮ್ಮೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಮೂರು ನಾಲ್ಕು ತಿಂಗಳೊಳಗೆ ಗಬ್ಬ ನಿಂತು, ಹದಿಮೂರು ಹದಿನಾಲ್ಕು ತಿಂಗಳಿಗೊಮ್ಮೆ ಈದರೆ ಅದು ಬಹಳ ಒಳ್ಳೆಯ ಎಮ್ಮೆ. ಆದರೆ ನಮ್ಮ ಹಳ್ಳಿಗಳಲ್ಲಿ ಈ ಅವಧಿ ಹದಿನಾರು, ಹದಿನೆಂಟು ತಿಂಗಳಾಗುವುದು ಸಾಮಾನ್ಯ. ಹೆಚ್ಚಾದ ಒಂದೊಂದು ತಿಂಗಳೂ ಕರಾವಿಲ್ಲದೆ ಮೇವು ಹಾಕಬೇಕಾದ ತಿಂಗಳು. ಎರಡು ಎಮ್ಮೆಯ ಸಂಸಾರಕ್ಕೆ ಈ ತಿಂಗಳುಗಳೇ ಸಾಲ ತರುತ್ತವೆ.

ಈದ ಮೇಲೆ ಎಮ್ಮೆಯ ದೇಹದಲ್ಲಿ ನಡೆಯುವುದೇನು? ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯಿದೆ. ಮಿದುಳಿನ ಅಪ್ಪಣೆಯಂತೆ ಅದು ಕೆಲವು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಕೋಶವನ್ನು ಮುಟ್ಟಿದಾಗ ಅಲ್ಲಿ ಅಂಡ ಪಕ್ವವಾಗಿ ಹೊರಬೀಳುತ್ತದೆ. ಸುಮಾರು 21 ದಿನಗಳಿಗೊಮ್ಮೆ ಬೆದೆ ಬರುತ್ತದೆ. ಗರ್ಭಕಾಲದಲ್ಲಿ ನಿಂತಿದ್ದ ಈ ಚಕ್ರ ಮತ್ತೆ ಉರುಳಬೇಕಾದರೆ ಮಿದುಳಿನ ಅಪ್ಪಣೆಯಾಗಬೇಕು. ಮಿದುಳಾದರೋ ಜಾಗರೂಕನಾದ ಮನೆಯ ಯಜಮಾನನಂತೆ ಮೊದಲು ಕೆಲವು ವಿಚಾರಣೆಗಳನ್ನು ಮಾಡುತ್ತದೆ: ಉಗ್ರಾಣದಲ್ಲಿ ದವಸವಿದೆಯೆ? ತೊಡೆಯ ಮೇಲಿನ ಕೂಸು ಇನ್ನೂ ಮೊಲೆಯುಣ್ಣುತ್ತಿದೆಯೆ? ಕಾಲ ಎಂಥದು? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ಬಂದ ಹೊರತು ಅದು ಇನ್ನೊಂದು ಗರ್ಭಕ್ಕೆ ಒಪ್ಪುವುದಿಲ್ಲ.

ಮೊದಲನೆಯದು ಉಗ್ರಾಣ, ಎಂದರೆ ಆಹಾರ. ಎಮ್ಮೆಯ ಹಾಲಿನಲ್ಲಿ ಬೆಣ್ಣೆಯ ಅಂಶ ನೂರಕ್ಕೆ ಸುಮಾರು 7 ಪಾಲು. ಹಸುವಿನ ಹಾಲಿನಲ್ಲಿ ಇದರ ಅರ್ಧಕ್ಕೆ ಅಷ್ಟಿಷ್ಟು ಹೆಚ್ಚು. ಈದ ಮೊದಲ ವಾರಗಳಲ್ಲಿ ಹಾಲು ದಿನದಿನಕ್ಕೂ ಏರುತ್ತದೆ, ಹಸಿವು ಮಾತ್ರ ಅಷ್ಟು ಬೇಗ ಏರುವುದಿಲ್ಲ. ಕೊರತೆ ಬಿದ್ದದ್ದನ್ನು ಎಮ್ಮೆ ತನ್ನ ಮೈಯ ಕೊಬ್ಬನ್ನು ಕರಗಿಸಿ ತುಂಬಿಕೊಡುತ್ತದೆ. ಆ ಕೊಬ್ಬೇ ಇಲ್ಲದೆ, ಪಕ್ಕೆಲುಬು ಕಾಣುವ ಸ್ಥಿತಿಯಲ್ಲಿ ಈದ ಎಮ್ಮೆಯಲ್ಲಿ ಅಂಡಕೋಶ ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತದೆ. ಚೊಚ್ಚಲೆಮ್ಮೆಗಂತೂ ಕಷ್ಟ ಇಮ್ಮಡಿ. ತನ್ನ ಮೈಯೂ ಬೆಳೆಯಬೇಕು, ಹಾಲೂ ಆಗಬೇಕು. ನಮ್ಮ ಜನ ಕರೆಯುವ ಎಮ್ಮೆಗೆ ಹಿಂಡಿ ಬೂಸಗಳನ್ನಿಟ್ಟು, ಹಾಲು ಬತ್ತಿದ ತುಂಬುಗಬ್ಬದ ಎಮ್ಮೆಗೆ ಬರಿಯ ಒಣಹುಲ್ಲನ್ನು ಎಳೆದುಹಾಕುವುದುಂಟು. ಮುಂದಿನ ಗಬ್ಬದ ತಳಪಾಯ ಬೀಳುವುದು ಆ ಕೊನೆಯ ಎರಡು ತಿಂಗಳಲ್ಲೇ. ಮೈಗೂಡಿಕೊಂಡು, ಆದರೆ ಅತಿಯಾಗಿ ಕೊಬ್ಬದೆ ಈದ ಎಮ್ಮೆ ಬೇಗ ಬೆದೆಗೆ ಬರುತ್ತದೆ.

ಹೊಟ್ಟೆ ತುಂಬಿದ ಮಾತ್ರಕ್ಕೂ ಸಾಲದು. ರಂಜಕ, ತಾಮ್ರ, ಸತು ಮುಂತಾದ ಖನಿಜಗಳು ಎಷ್ಟು ಅಲ್ಪವಾಗಿ ಬೇಕೋ ಅಷ್ಟು ಅಗತ್ಯವಾಗಿ ಬೇಕು. ಭತ್ತದ ಹುಲ್ಲು, ರಾಗಿಯ ಹುಲ್ಲು, ಜೋಳದ ಸೊಪ್ಪೆ, ಇವುಗಳಲ್ಲಿ ಅವು ಸಾಕಷ್ಟಿರುವುದಿಲ್ಲ. ಮಣ್ಣಿನ ಗುಣವನ್ನನುಸರಿಸಿ ಈ ಕೊರತೆ ಸೀಮೆಯಿಂದ ಸೀಮೆಗೆ ಬೇರೆಯಾಗುವುದರಿಂದ, ಆಯಾ ಸೀಮೆಗೆ ತಕ್ಕ ಖನಿಜ ಮಿಶ್ರಣಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ. ದಿನಕ್ಕೆ ಒಂದು ಹಿಡಿಗಿಂತ ಕಡಿಮೆ ಪ್ರಮಾಣದ ಈ ಪುಡಿ, ಎಷ್ಟೋ ವೇಳೆ ದೊಡ್ಡ ಚಿಕಿತ್ಸೆಯಿಂದ ಆಗದ ಕೆಲಸವನ್ನು ಮಾಡಿಕೊಡುತ್ತದೆ.

ಎರಡನೆಯದು ಕೂಸು. ಕರು ಮತ್ತೆ ಮತ್ತೆ ಮೊಲೆಯುಣ್ಣುತ್ತಿದ್ದರೆ ಆ ಸ್ಪರ್ಶದ ಸುದ್ದಿ ಮಿದುಳನ್ನು ಮುಟ್ಟಿ, ಪಿಟ್ಯುಟರಿಯ ಹಾರ್ಮೋನನ್ನು ತಡೆಹಿಡಿಯುತ್ತದೆ. ಸ್ವೇಚ್ಛೆಯಾಗಿ ಕರುವಿಗೆ ಊಡುವ ಎಮ್ಮೆ ತಡವಾಗಿ ಬೆದೆಗೆ ಬರುವುದು ಇದರಿಂದ. ಹಾಗಾದರೆ ಕರುವನ್ನು ತೊಲಗಿಸಿಬಿಟ್ಟರೆ ಆಯಿತಲ್ಲ ಎನ್ನುವವರುಂಟು. ಗಂಡುಗರುವಾದರೆ ಗಿಣ್ಣುಹಾಲನ್ನೂ ಸರಿಯಾಗಿ ಕುಡಿಸದೆ ಸಾಯಗೊಡುವುದು ನಮ್ಮಲ್ಲಿ ಗುಟ್ಟಿನ ಸಂಗತಿಯೇನೂ ಅಲ್ಲ. ಆದರೆ ಎಮ್ಮೆ ಕರುವನ್ನು ಕಾಣದೆ ಹಾಲಿಳಿಸುವುದಿಲ್ಲ. ಆಗ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವುದು, ಹಾಲಿಳಿಸುವ ಚುಚ್ಚುಮದ್ದನ್ನು ವೈದ್ಯರ ಅಪ್ಪಣೆಯಿಲ್ಲದೆ ದಿನವೂ ಚುಚ್ಚುವುದು, ಹೀಗೆ ಒಂದು ತಪ್ಪಿಗೆ ಹತ್ತು ತಪ್ಪುಗಳು ಸೇರುತ್ತವೆ.

ಇದರ ಪರಮಾವಧಿಯನ್ನು ಕಾಣಬೇಕಾದರೆ ಹಿಂದೆ ಮುಂಬಯಿ, ಕಲ್ಕತ್ತೆಗಳಲ್ಲಿ ನಡೆಯುತ್ತಿದ್ದ ಹಾಲಿನ ವ್ಯಾಪಾರವನ್ನು ನೆನೆಯಬೇಕು. ದೂರದ ಸೀಮೆಗಳಿಂದ ಆಗತಾನೆ ಈದ ಉತ್ತಮೋತ್ತಮ ಎಮ್ಮೆಗಳನ್ನು ರೈಲಿನಲ್ಲಿ ತರಿಸಿ, ಇಕ್ಕಟ್ಟಾದ ಕೊಟ್ಟಿಗೆಗಳಲ್ಲಿ ಕಟ್ಟಿ, ಕರುವನ್ನು ಕಳೆದು, ಗರ್ಭದ್ವಾರಕ್ಕೆ ಗಾಳಿಯೂದುವ 'ಫೂಕಾ' ಎಂಬ ಹಿಂಸೆಯಿಂದ ಹಾಲನ್ನು ಕಸಿದು, ಬತ್ತಿದ ಕೂಡಲೆ ಕಟುಕನಿಗೆ ಒಪ್ಪಿಸುವುದು ರೂಢಿಯಾಗಿತ್ತು. ಪಟ್ಟಣದಲ್ಲಿ ಬತ್ತಿದ ಎಮ್ಮೆಗೆ ಮೇವು ಹಾಕುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಅಗ್ಗವಾದುದರಿಂದ, ಅದನ್ನು ಮತ್ತೆ ಗಬ್ಬವಾಗಿಸುವ ಯೋಚನೆಯೇ ಇರಲಿಲ್ಲ. ಗಾಂಧೀಜಿಯವರು 1912ರಲ್ಲಿ ಹಾಲನ್ನು ತ್ಯಜಿಸಿದುದಕ್ಕೆ, ಕಲ್ಕತ್ತೆಯ ಹಾಲಿನವರು ಕರೆಯುವ ಪ್ರಾಣಿಗಳಿಗೆ ಕೊಡುತ್ತಿದ್ದ ಹಿಂಸೆಯ ವರ್ಣನೆಯನ್ನು ಓದಿದುದೂ ಒಂದು ಕಾರಣವೆಂದು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮುಂಬಯಿಯ ಎಮ್ಮೆಗಳನ್ನು ಊರ ಹೊರಗೆ ವಿಶಾಲವಾದ ಸ್ಥಳಕ್ಕೆ ಸಾಗಿಸುವುದಕ್ಕಾಗಿ 1949ರಲ್ಲಿ ಆರೆ ಹಾಲಿನ ಕಾಲೊನಿ ಸ್ಥಾಪಿತವಾಯಿತು. ಫೂಕಾ ಎಂಬುದು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯಂತೆ ಶಿಕ್ಷಾರ್ಹವಾದ ಅಪರಾಧ. ಎಮ್ಮೆಯ ಮರುಗಬ್ಬದ ಪ್ರಶ್ನೆ ಬರಿಯ ಲಾಭನಷ್ಟದ ಪ್ರಶ್ನೆಯಲ್ಲ ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುವುದು. ಮತ್ತೆ ಗಬ್ಬವಾಗುವ ಎಮ್ಮೆ ಕೊಟ್ಟಿಗೆಯಲ್ಲಿ ಉಳಿಯುವುದು, ಆಗದುದು ಉಳಿಯುವುದಿಲ್ಲ.

ಮಧ್ಯಮಮಾರ್ಗ ಇಲ್ಲಿಯೂ ಶ್ರೇಯಸ್ಕರ. ಕರುವಿಗೆ ಮೊದಲ ದಿನಗಳ ಗಿಣ್ಣುಹಾಲು ಸಮೃದ್ಧವಾಗಿ ದೊರೆಯಲಿ. ಆಮೇಲೆ ಕರೆಯುವ ಹೊತ್ತಿನಲ್ಲಿ ಮಾತ್ರ ಬಿಟ್ಟು, ಉಳಿದ ಕಾಲ ತಾಯ ಕಣ್ಣಿಗೆ ಬೀಳುವಂತೆ ಬೇರೆ ಕಟ್ಟಿದರೆ, ಕರುವೂ ಬದುಕುವುದು, ಎಮ್ಮೆಯೂ ಸಕಾಲದಲ್ಲಿ ಬೆದೆಗೆ ಬರುವುದು.

ಮೂರನೆಯದು ಕಾಲ. ಎಮ್ಮೆ ಹಗಲು ಕುಗ್ಗುವ ಋತುವಿನಲ್ಲಿ ಗರ್ಭ ಧರಿಸಲು ಒಲಿಯುವ ಪ್ರಾಣಿ. ಕತ್ತಲೆಯಲ್ಲಿ ಮಿದುಳಿನೊಳಗಿನ ಒಂದು ಗ್ರಂಥಿ ಮೆಲಟೋನಿನ್ ಎಂಬ ವಸ್ತುವನ್ನು ಸ್ರವಿಸುತ್ತದೆ. ಇರುಳು ಉದ್ದವಾದಂತೆ ಅದು ಹೆಚ್ಚು ಹೊತ್ತು ಸ್ರವಿಸುತ್ತದೆ. ಎಮ್ಮೆಯ ದೇಹ ಇದರಿಂದಲೇ ಪಂಚಾಂಗವನ್ನು ತಿಳಿದುಕೊಳ್ಳುತ್ತದೆ. ಪಂಜಾಬು, ಹರಿಯಾಣದ ಕಡೆ ಮಳೆಗಾಲದ ಕೊನೆಯಲ್ಲೂ ಚಳಿಗಾಲದ ಮೊದಲಲ್ಲೂ ಈದ ಎಮ್ಮೆಗಳು ಬೇಗ ಬೆದೆಗೆ ಬರುತ್ತವೆ. ಮಾಘ ಫಾಲ್ಗುಣದ ಮೇಲೆ ಈದವು ಬೇಸಗೆಯೆಲ್ಲ ಸುಮ್ಮನಿರುತ್ತವೆ. ಇಟಲಿಯಲ್ಲಿ ಎಮ್ಮೆಯ ಹಾಲಿನಿಂದ ಮೊಜ಼ರೆಲ್ಲ ಎಂಬ ಗಿಣ್ಣನ್ನು ಮಾಡುತ್ತಾರೆ. ಅದಕ್ಕೆ ಗಿರಾಕಿ ಹೆಚ್ಚಾಗಿರುವುದು ಬೇಸಗೆಯಲ್ಲಿ. ಆದರೆ ಅಲ್ಲಿನ ಎಮ್ಮೆಗಳು ಸ್ವಭಾವದಿಂದ ಈಯುವುದು ಬೇಸಗೆ ಕಳೆದ ಮೇಲೆ. ಪ್ರಕೃತಿಯ ಈ ಹಟವನ್ನು ಬಗ್ಗಿಸಲು ಅಲ್ಲಿನ ರೈತರು ಸಹಜವಾದ ಋತುವಿನಲ್ಲಿ ಕೋಣಗಳನ್ನು ಹಿಂಡಿನಿಂದ ಬೇರ್ಪಡಿಸಿ, ಬೇರೆ ತಿಂಗಳುಗಳಲ್ಲಿ ಕೂಡಿಸುತ್ತಾರೆ. ಭೂಮಧ್ಯರೇಖೆಯಾಚೆ, ಬ್ರೆಜಿಲ್ ದೇಶದ ದಕ್ಷಿಣ ಭಾಗದಲ್ಲಿ, ಋತುಗಳು ತಲೆಕೆಳಗಾಗಿರುವಂತೆ ಎಮ್ಮೆಯ ಬೆದೆಯ ತಿಂಗಳುಗಳೂ ತಲೆಕೆಳಗಾಗಿವೆ.

ನಮ್ಮ ಮೈಸೂರು ಸೀಮೆಯಲ್ಲಿ ವರ್ಷದ ಅತ್ಯಂತ ದೀರ್ಘವಾದ ಹಗಲಿಗೂ ಅತ್ಯಂತ ಹ್ರಸ್ವವಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಪಂಜಾಬಿನಲ್ಲಿ ಅದು ನಾಲ್ಕು ಗಂಟೆ. ಆದಕಾರಣ ಇಲ್ಲಿ ಹಗಲಿರುಳಿನ ಪ್ರಭಾವ ಕಡಿಮೆ. ಮೇವು ನೀರುಗಳ ಪ್ರಭಾವ ಹೆಚ್ಚು. ಹಸಿಹುಲ್ಲು ಹುಟ್ಟುವ ಕಾಲದಲ್ಲಿ ಬೆದೆ ಕಾಣಿಸಿಕೊಳ್ಳುತ್ತದೆ, ಬೇಸಗೆಯಲ್ಲಿ ಅಡಗುತ್ತದೆ. ಬಿಸಿಲಂತೂ ಎಮ್ಮೆಗೆ ಮೊದಲಿನಿಂದಲೂ ಶತ್ರು. ಕರಿಯ ತೊಗಲು ಬಿಸಿಲನ್ನು ಹೀರುತ್ತದೆ, ಮೈಯಲ್ಲಿ ಬೆವರಿನ ಗ್ರಂಥಿಗಳು ವಿರಳ. ಅದು ಕೆರೆಯಲ್ಲಿ ಕೊರಳವರೆಗೆ ಮುಳುಗಿ ಕೂತಿರುವುದನ್ನು ನಾವು ಸೋಮಾರಿತನವೆಂದು ಎಣಿಸುವೆವು. ಅದಕ್ಕೆ ಅದು ಪ್ರಾಣರಕ್ಷಣೆಯ ಉಪಾಯ. ಕೆರೆಗಳು ಬತ್ತಿ, ಕೆರೆಯಂಗಳಗಳೇ ಬಡಾವಣೆಗಳಾದ ಕಡೆ ದಿನಕ್ಕೆರಡು ಸಲ ಮೈಮೇಲೆ ನೀರು ಹೊಯ್ದು ನೆರಳಿನಲ್ಲಿ ಕಟ್ಟಿದರೆ, ಬೇಸಗೆಯಲ್ಲಿಯೂ ಗಬ್ಬ ನಿಲ್ಲುವ ಸಂಭವ ಹೆಚ್ಚುವುದು. ಕೋಣನ ವೀರ್ಯವೂ ಬಿಸಿಲಿಗೆ ಕೆಡುವುದರಿಂದ ಈ ಉಪಚಾರ ಅದಕ್ಕೂ ಸಲ್ಲತಕ್ಕದ್ದು.

ಈ ಮೂರು ವಿಚಾರಣೆಗಳೂ ತೃಪ್ತಿಕರವಾಗಿ ಮುಗಿದರೂ ಗರ್ಭಕೋಶ ಶುಚಿಯಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ಈದ ಮೇಲೆ ಮಾಸು ಕೆಲವು ಗಂಟೆಗಳಲ್ಲಿ ತಾನಾಗಿ ಬೀಳಬೇಕು. ಬೀಳದಿದ್ದರೆ ಕೈಹಾಕಿ ಕೀಳುವುದು, ಕಲ್ಲು ಕಟ್ಟಿ ಜಗ್ಗುವುದು ಅನರ್ಥಕ್ಕೆ ಕಾರಣ. ಹನ್ನೆರಡು ಗಂಟೆ ಮೀರಿದರೆ ಪಶುವೈದ್ಯರನ್ನು ಕರೆಯತಕ್ಕದ್ದು. ಗಂಜಲ ಸೆಗಣಿಗಳ ಕೆಸರಿನಲ್ಲಿ ಈದ ಎಮ್ಮೆಯ ಗರ್ಭಕೋಶಕ್ಕೆ ನಂಜೇರಿ, ಅದು ಎಷ್ಟು ಸಲ ಕೋಣನನ್ನು ಕೂಡಿದರೂ ಗಬ್ಬ ನಿಲ್ಲದು. ಈಯುವ ಸ್ಥಳಕ್ಕೆ ಒಣಹುಲ್ಲು ಹಾಸುವುದರಲ್ಲಿ ಖರ್ಚೇನೂ ಇಲ್ಲ. ಗಬ್ಬವನ್ನು ಕಂದಿಸುವ ಬ್ರುಸೆಲ್ಲೋಸಿಸ್ ಎಂಬ ರೋಗ ಮನುಷ್ಯರಿಗೂ ಅಂಟತಕ್ಕದ್ದು. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುಗಳಿಗೆ ಅದರ ಲಸಿಕೆ ಹಾಕುವ ಕಾರ್ಯಕ್ರಮ 2019ರಿಂದ ದೇಶದಲ್ಲೆಲ್ಲ ಆರಂಭವಾಗಿದೆ. ಪಟ್ಟಣಿಗರಾದ ನಾವು ಹಾಲನ್ನು ಕಾಯಿಸಿಯೇ ಕುಡಿಯಬೇಕೆಂಬುದಕ್ಕೆ ಈ ರೋಗವೂ ಒಂದು ಕಾರಣ.

ಇನ್ನು ಅಜ್ಜಿಯ ಪ್ರಶ್ನೆಗೆ ಬರುವೆನು. ಹಸು ಬೆದೆಗೆ ಬಂದರೆ ಊರಿಗೆಲ್ಲ ಗೊತ್ತಾಗುವಂತೆ ಕೂಗುತ್ತದೆ, ಬೇರೆ ಹಸುಗಳ ಮೇಲೆ ಹಾರುತ್ತದೆ, ಲೋಳೆ ಜೋಲಾಡುತ್ತದೆ. ಎಮ್ಮೆಯ ಬೆದೆಯಾದರೋ ಬಹುಮಟ್ಟಿಗೆ ಮೂಕಬೆದೆ. ಒಂದು ಎಮ್ಮೆ ಇನ್ನೊಂದರ ಮೇಲೆ ಹಾರುವುದು ಅಪರೂಪ. ಲೋಳೆ ಅಲ್ಪ, ಮಲಗಿ ಎದ್ದಾಗ ನೆಲದ ಮೇಲೆ ಕಂಡರೆ ಕಾಣಬಹುದು, ಇಲ್ಲವಾದರೆ ಇಲ್ಲ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಗಂಜಲ ಹಾಕುವುದು, ಮೇವಿನಲ್ಲಿ ಆಸಕ್ತಿ ತಗ್ಗುವುದು, ಹಾಲು ಒಂದು ಹೊತ್ತಿಗೆ ಕಡಿಮೆಯಾಗುವುದು, ಇವೇ ಅದರ ಸೂಚನೆಗಳು. ಈ ಸೂಚನೆಗಳೂ ಬಹುಶಃ ಇರುಳಿನಲ್ಲಿ ಇಲ್ಲವೆ ನಸುಕಿನಲ್ಲಿ ಕಾಣಿಸಿಕೊಂಡು, ಸುಮಾರು ಒಂದು ದಿನದೊಳಗೆ ಅಡಗಿಹೋಗುತ್ತವೆ. ತಪ್ಪಿಸಿಕೊಂಡರೆ ಮತ್ತೆ 21 ದಿನ ಕಾಯಬೇಕು. ಮೂರು ಸಲ ತಪ್ಪಿಸಿಕೊಂಡರೆ ಎರಡು ತಿಂಗಳು ಕಳೆದಂತೆಯೇ.

ಹಿಂದೆ ಈ ಕಷ್ಟವಿರಲಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಕೋಣವೋ, ಊರೊಟ್ಟಿನ ಕೋಣವೋ ಹಿಂಡಿನೊಡನೆ ಮೇಯುತ್ತಿತ್ತು. ಮನುಷ್ಯನ ಕಣ್ಣಿಗೆ ಕಾಣದ ಬೆದೆಯನ್ನು ಅದು ಮೂಸಿ ತಿಳಿಯುತ್ತಿತ್ತು. ಈಗ ಊರೂರಿಗೆ ಕೋಣಗಳಿಲ್ಲ. ಅದರ ಸ್ಥಾನದಲ್ಲಿ ಕೃತಕ ಗರ್ಭಧಾರಣೆ ಬಂದಿದೆ. ಭಾರತದಲ್ಲಿ ಈ ವಿದ್ಯೆ ಮೊದಲು ನಡೆದದ್ದು ನಮ್ಮ ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ, 1939ರಲ್ಲಿ. ಹಳ್ಳಿಕಾರ್ ಹಸುಗಳ ಮೇಲೆ ಅದನ್ನು ನಡೆಸಿದವರು ಸಂಪತ್ ಕುಮಾರನ್ ಎಂಬವರು. ಈ ವಿಧಾನದಿಂದ ಮೊದಲ ಎಮ್ಮೆಗರು ಹುಟ್ಟಿದುದು 1943ರಲ್ಲಿ, ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ. ಇದರಿಂದ ಉತ್ತಮ ತಳಿಯ ಕೋಣನ ಗುಣ ಸಾವಿರಾರು ಹಳ್ಳಿಗಳಿಗೆ ಹರಡಿರುವುದು ಸಂತೋಷದ ವಿಷಯ. ಆದರೆ ಪಾತ್ರೆಯಲ್ಲಿ ಬರುವ ವೀರ್ಯಕ್ಕೆ ಮೂಗಿಲ್ಲ. ಬೆದೆಯನ್ನು ಅರಿಯುವ ಕೋಣನ ಕೆಲಸ ಈಗ ಮನೆಯವರ ಪಾಲಿಗೆ ಬಂದಿದೆ. ಬೆಳಗಿನ ಜಾವ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಕೊಟ್ಟಿಗೆಗೆ ದೀಪ ಹಿಡಿದು ಹೋಗಿ ಕಾಲು ಗಂಟೆ ನಿಂತು ನೋಡತಕ್ಕದ್ದು. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಗರ್ಭಧಾರಣೆ ಮಾಡಿಸತಕ್ಕದ್ದು. ದಿನಾಂಕವನ್ನು ಗೋಡೆಯ ಮೇಲಾದರೂ ಗುರುತು ಹಾಕಿಡತಕ್ಕದ್ದು. ಎರಡು ಮೂರು ತಿಂಗಳ ಮೇಲೆ ಗಬ್ಬ ನಿಂತಿದೆಯೇ ಇಲ್ಲವೇ ಎಂಬುದನ್ನು ಪಶುವೈದ್ಯರು ಕೈಯಿಂದ ಪರೀಕ್ಷಿಸಿ ಹೇಳಬಲ್ಲರು. ಇಷ್ಟು ಮಾಡಿದ್ದರೆ ಕೆಂಪಿ ಸಂತೆಗೆ ಹೋಗುತ್ತಿರಲಿಲ್ಲ.

ಹಾರ್ಮೋನುಗಳ ಚುಚ್ಚುಮದ್ದಿನಿಂದ ಬೆದೆಯನ್ನು ನಮಗೆ ಬೇಕಾದ ದಿನಕ್ಕೆ ತರಿಸುವ ವಿಧಾನಗಳೂ ಈಗ ಬಳಕೆಗೆ ಬಂದಿವೆ. ವೈದ್ಯರ ಕೈಯಲ್ಲಿ ಅವು ಉಪಯುಕ್ತವಾದ ಸಾಧನಗಳೇ. ಆದರೆ ಹಸಿದ ಎಮ್ಮೆಯ ಮೇಲೆ ಮದ್ದು ಮಾಡುವ ಕೆಲಸ ಅಷ್ಟಕ್ಕಷ್ಟೆ. ಉಗ್ರಾಣ ಬರಿದಾಗಿರುವಾಗ ಯಜಮಾನನ ಸಹಿಯನ್ನು ಬೇರೆಯವರು ಹಾಕಿದರೆ ಸಂಸಾರ ನಡೆದೀತೆ?

ಪಟ್ಟಣದ ಶ್ರೋತೃಗಳಾದ ತಾವು ಇದರಲ್ಲಿ ಮಾಡಬೇಕಾದುದೇನೆಂದು ಕೇಳಬಹುದು. ಬೇಸಗೆಯಲ್ಲಿ ಹಾಲು ಕಡಿಮೆಯಾಗಿ ಬೆಲೆ ಏರಿದಾಗ ಹಾಲಿನವನ ದುರಾಶೆಯೊಂದೇ ಕಾರಣವೆಂದು ತೀರ್ಮಾನಿಸಬಾರದು. ಹಗಲಿನ ಉದ್ದ, ಹುಲ್ಲಿನ ಅಭಾವ, ಕೆರೆಯ ಬತ್ತುವಿಕೆ, ಎಲ್ಲವೂ ಆ ಬೆಲೆಯಲ್ಲಿ ಸೇರಿವೆ. ತಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಮನೆಯುಂಟು, ಅಲ್ಲಿ ಅಣ್ಣತಮ್ಮಂದಿರುಂಟು. ಹಬ್ಬಕ್ಕೆ ಹೋದಾಗ ಬತ್ತಿದ ಎಮ್ಮೆಗೆ ಹಿಂಡಿ ಇಡುತ್ತಿದ್ದಾರೆಯೇ, ಗಂಡುಗರು ಬದುಕಿದೆಯೇ, ಎಮ್ಮೆಯನ್ನು ಮಾರುವ ಮೊದಲು ವೈದ್ಯರಿಗೆ ತೋರಿಸಿದರೇ ಎಂದು ವಿಚಾರಿಸಬಹುದು. ಓದಿದವರು ಕೇಳಿದರೆ ಹಳ್ಳಿಯವರು ನಗಬಹುದು, ನಕ್ಕರೂ ನೆನಪಿನಲ್ಲಿಟ್ಟುಕೊಳ್ಳುವರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಎಮ್ಮೆಯ ಬಂಜೆತನದ ವಿಷಯದಲ್ಲಿ ನಾವು ಮಾಡುತ್ತಿರುವುದು ಅದೇ. ಮೇವು ಹಾಕದವರು ನಾವು, ಕೆರೆಯನ್ನು ಮುಚ್ಚಿದವರು ನಾವು, ಕರುವನ್ನು ಕೊಂದವರು ನಾವು, ಇರುಳು ಎದ್ದು ನೋಡದವರು ನಾವು; ಸಂತೆಗೆ ಹೋಗುವುದು ಮಾತ್ರ ಎಮ್ಮೆ. ಮುಂದೆ ಯಾರಾದರೂ ತಮ್ಮ ಎದುರಿನಲ್ಲಿ ಒಂದು ಎಮ್ಮೆಯನ್ನು ಗೊಡ್ಡೆಂದರೆ, ದಯವಿಟ್ಟು ನಮ್ಮ ಅಜ್ಜಿಯ ಪ್ರಶ್ನೆಯನ್ನು ಅವರಿಗೆ ಹಾಕಿರಿ: ಇರುಳು ಎದ್ದು ಅದನ್ನು ನೋಡಿದವರು ಯಾರು?